ಸೋಮವಾರ ಹನ್ನೊಂದು ಇಪ್ಪತ್ತರ ಉತ್ತರ

ಜಯದೇವಿಯವರ ಪತ್ರ ಓದುವುದಕ್ಕೆ ತಾಳ್ಮೆ ಬೇಕು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದು ಹೇಳುವುದಕ್ಕೂ ಅವರು ‘ಕೀಲಿಮಣೆ ವೇದಿಕೆಯ ಮಾನ್ಯ ನಿರ್ವಾಹಕರಿಗೆ ವಿಜಯನಗರದಿಂದ ಜಯದೇವಿ ಮಾಡುವ ಅನಂತ ನಮಸ್ಕಾರಗಳು’ ಎಂದು ಶುರುಮಾಡುತ್ತಿದ್ದರು. ಆಮೇಲೆ ನಿರ್ವಾಹಕರ ಆರೋಗ್ಯದ ವಿಚಾರಣೆ, ಹಿಂದಿನ ಸಲ ಸಿಕ್ಕ ಸಹಾಯದ ಸ್ಮರಣೆ, ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ. ಕಾಗದದ ವಿಷಯ ಬರುವ ಹೊತ್ತಿಗೆ ಓದುವವರ ಹೆಬ್ಬೆರಳು ಮೊಬೈಲಿನ ಪರದೆಯನ್ನು ಎರಡು ಸಲ ಮೇಲಕ್ಕೆ ತಳ್ಳಿರುತ್ತಿತ್ತು. ವಿಜಯನಗರದಲ್ಲಿ ಅವರದೊಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ನಾಮಕರಣ, ವೈಕುಂಠ ಸಮಾರಾಧನೆಯ ಕಾರ್ಡುಗಳನ್ನು ಹದಿನಾಲ್ಕು ವರ್ಷದಿಂದ ಟೈಪ್ ಮಾಡುತ್ತಾ ಬಂದವರಿಗೆ ಏನು ಬರೆದರೂ ಕಾರ್ಡಿನ ಧಾಟಿಯೇ ಬರುತ್ತಿತ್ತು.

ಆ ಮಾನ್ಯ ನಿರ್ವಾಹಕರು ರಾಗಿಣಿ. ವಯಸ್ಸು ಮೂವತ್ತೆರಡು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ತೂಕದ ಯಂತ್ರ ತಯಾರಿಸುವ ಕಂಪನಿಯೊಂದರ ನಲವತ್ತು ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ‘ಕೀಲಿಮಣೆ’ ಸಂಬಳವಿಲ್ಲದ ಕೆಲಸ. ಕನ್ನಡದಲ್ಲಿ ಕಂಪ್ಯೂಟರಿನ ತೊಂದರೆ ಕೇಳಿ ಕನ್ನಡದಲ್ಲೇ ಉತ್ತರ ಪಡೆಯಬಹುದಾದ ಆ ಜಾಲತಾಣವನ್ನು ಕಟ್ಟಿದವನು ಅವಳ ಕಾಲೇಜಿನ ಸಹಪಾಠಿ ಮಧ್ವೇಶ್. ಕಟ್ಟಿದ ಮೇಲೆ ಅವನು ರಾಜರಾಜೇಶ್ವರಿನಗರದ ತನ್ನ ಫ್ಲಾಟಿನಿಂದ ವರ್ಷಕ್ಕೊಮ್ಮೆ ಸರ್ವರಿನ ಬಾಡಿಗೆ ಕಟ್ಟುತ್ತಿದ್ದ. ಉಳಿದದ್ದೆಲ್ಲ ರಾಗಿಣಿಯದು.

ಎರಡು ವರ್ಷದ ಹಿಂದೆ ಅವಳು ತನ್ನ ಹೆಸರು, ಫೋಟೋ ಹಾಕಿಕೊಂಡೇ ಉತ್ತರ ಬರೆಯುತ್ತಿದ್ದಳು. ಮೂರನೇ ವಾರಕ್ಕೆ ಒಬ್ಬ, ‘ಏನೇ, ನಿಮ್ಮನೆ ಒಲೆ ರಿಪೇರಿ ಆಯ್ತಾ, ಇಲ್ಲಿಗೆ ಬಂದಿದೀಯ’ ಎಂದು ಬರೆದ. ಅದರ ಕೆಳಗೆ ಹನ್ನೊಂದು ಜನ ನಗುವಿನ ಚಿಹ್ನೆ ಒತ್ತಿದರು. ಅವಳು ಫೋಟೋ ತೆಗೆದು, ‘ನಿರ್ವಾಹಕ ೨’ ಎಂದು ಹೆಸರು ಬದಲಾಯಿಸಿಕೊಂಡು, ಒಂದು ಭಾನುವಾರ ಕೂತು ಪದಗಳ ಪಟ್ಟಿ ಮಾಡಿದಳು. ಲೇ, ಏನೇ, ಕಣೋ, ಕಣೇ, ಮಗಾ, ಮಚ್ಚಾ, ಹೀಗೆ ಅರವತ್ತನಾಲ್ಕು. ಈ ಪದಗಳಿರುವ ಬರಹ ತಾನಾಗಿ ತಡೆಹಿಡಿದು ನಿಲ್ಲುತ್ತದೆ. ನಿರ್ವಾಹಕರು ನೋಡಿ ಬಿಡಬೇಕು, ಇಲ್ಲವೇ ತಿರಸ್ಕರಿಸಬೇಕು. ಒಂದೇ ತಿಂಗಳಲ್ಲಿ ಮೂರು ಸಲ ತಿರಸ್ಕೃತವಾದರೆ ಆ ಸದಸ್ಯ ಒಂದು ವಾರ ಏನೂ ಬರೆಯುವ ಹಾಗಿಲ್ಲ. ಮೊದಲ ವಾರ ‘ಕಾಲೇಜು’ ಎಂದು ಬರೆದವರೆಲ್ಲ ತಡೆಯಲ್ಲಿ ಸಿಕ್ಕಿಕೊಂಡರು, ಏಕೆಂದರೆ ಅದರೊಳಗೆ ‘ಲೇ’ ಇತ್ತು. ‘ಗುರು’ ಸೇರಿಸಿದಾಗ ಗುರುವಾರ ಎಂದವರೂ ಸಿಕ್ಕಿಕೊಂಡರು. ಅವನ್ನೆಲ್ಲ ಅವಳು ಸರಿಪಡಿಸಿದಳು. ಗದ್ದಲ ನಿಂತಿತು. ಮೊದಲು ನೂರಕ್ಕೆ ನಾಲ್ಕಿದ್ದ ಹೆಂಗಸರ ಪ್ರಶ್ನೆ ಮೂವತ್ತಕ್ಕೆ ಬಂತು. ಜಯದೇವಿಯವರು ಬಂದದ್ದೂ ಆಗಲೇ. ಆದ್ದರಿಂದ ಆ ಪಟ್ಟಿಯ ಬಗ್ಗೆ ರಾಗಿಣಿಗೆ ಯಾವ ಸಂಕೋಚವೂ ಇರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಜಯದೇವಿಯವರ ಪತ್ರ ಬಂತು. ರಾಗಿಣಿ ಲೆಕ್ಕಪತ್ರ ವಿಭಾಗದ ಮೇಜಿನ ಕೆಳಗೆ ಕೇಬಲ್ ಬದಲಾಯಿಸುತ್ತಾ ಕೂತಿದ್ದಳು. ಒಂದು ಕೈಯಲ್ಲಿ ಫೋನು. ನಮಸ್ಕಾರ, ಆರೋಗ್ಯ, ಸ್ಮರಣೆ, ಕ್ಷಮೆ. ಅದರ ಕೆಳಗೆ: ಫೈಲುಗಳಿರುವ ಹೊರಗಿನ ಹಾರ್ಡ್‌ಡಿಸ್ಕ್ ತೆರೆಯುತ್ತಿಲ್ಲ, ಫಾರ್ಮ್ಯಾಟ್ ಮಾಡಬೇಕೇ ಎಂದು ಕಂಪ್ಯೂಟರ್ ಕೇಳುತ್ತಿದೆ. ಶಾಲೆಯೊಂದರ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ನೂರ ಎಂಬತ್ತು ಪುಟ, ಮೂರು ಸಲ ಪ್ರೂಫ್ ಆಗಿದೆ, ಶುಕ್ರವಾರ ಪ್ರೆಸ್ಸಿಗೆ ಹೋಗಬೇಕು, ಎಲ್ಲ ಅದರೊಳಗೇ ಇದೆ. ಹದಿನಾಲ್ಕು ವರ್ಷದ ಕಾರ್ಡುಗಳೂ ಅದರೊಳಗೇ. ಬೇರೆ ಪ್ರತಿ ಇಲ್ಲ.

ಇದಕ್ಕೆ ಸಿದ್ಧ ಉತ್ತರವಿತ್ತು. ಪದೇ ಪದೇ ಬರುವ ಪ್ರಶ್ನೆಗಳಿಗೆ ರಾಗಿಣಿಯೇ ಬರೆದು ಮುಖಪುಟದ ನೆತ್ತಿಗೆ ಅಂಟಿಸಿದ್ದ ಉತ್ತರಗಳಲ್ಲಿ ಅದು ಏಳನೆಯದು. ‘ಫಾರ್ಮ್ಯಾಟ್ ಮಾಡಬೇಡಿ. ಚೆಕ್‌ಡಿಸ್ಕ್ ಓಡಿಸಿ, ಅದು ಡಿಸ್ಕಿನ ತಪ್ಪುಗಳನ್ನು ಹುಡುಕಿ ಸರಿಪಡಿಸುತ್ತದೆ.’ ಓಡಿಸುವುದು ಹೇಗೆಂದು ಹಂತ ಹಂತವಾಗಿ ಚಿತ್ರ ಸಹಿತ ಇತ್ತು. ‘ಏಳನೇ ಉತ್ತರದಂತೆ ಮಾಡಿ’ ಎಂದು ಬರೆದು ಕೇಬಲ್ ಕೆಲಸಕ್ಕೆ ಮರಳಿದಳು. ಹನ್ನೊಂದು ಇಪ್ಪತ್ತಕ್ಕೆ ಫೋನು ಮತ್ತೆ ಮಿಣುಕಿತು. ತಡೆಹಿಡಿದ ಬರಹ ಒಂದು, ಸದಸ್ಯ: ಸಂಪತ್ ಕುರುಬರಹಳ್ಳಿ. ಮೊದಲ ಎರಡು ಪದ ‘ಲೇ ಮಗಾ’. ಆ ತಿಂಗಳು ಅವನದು ಆಗಲೇ ಎರಡಾಗಿತ್ತು. ಉಳಿದದ್ದನ್ನು ಅವಳು ಓದಲಿಲ್ಲ. ತಿರಸ್ಕರಿಸು ಎಂಬುದನ್ನು ಒತ್ತಿ ಫೋನನ್ನು ಜೇಬಿಗೆ ಹಾಕಿಕೊಂಡಳು.

ಮಂಗಳವಾರ ಊಟದ ಡಬ್ಬಿ ಬಿಚ್ಚುವಾಗ ಜಯದೇವಿಯವರ ಎರಡನೇ ಪತ್ರ ನೋಡಿದಳು. ಅನಂತ ನಮಸ್ಕಾರಗಳ ಕೆಳಗೆ ಹೀಗಿತ್ತು. ‘ತಾವು ತಿಳಿಸಿದಂತೆಯೇ ಮಾಡಿದೆ. ಆರು ಗಂಟೆ ಓಡಿತು. ಈಗ ಡಿಸ್ಕ್ ತೆರೆಯುತ್ತದೆ. ಆದರೆ ಒಳಗೆ ನನ್ನ ಫೋಲ್ಡರುಗಳು ಯಾವುವೂ ಇಲ್ಲ. ಹೆಸರಿಲ್ಲದ, ಬರೀ ನಂಬರಿನ ಸಾವಿರಾರು ಫೈಲುಗಳಿವೆ. ಯಾವುದನ್ನು ಒತ್ತಿದರೂ ತೆರೆಯುವುದಿಲ್ಲ. ಡಿಸ್ಕಿನ ಟಕ್ ಟಕ್ ಸದ್ದು ಮೊದಲಿಗಿಂತ ಜೋರಾಗಿದೆ. ತಮ್ಮ ಸಹಾಯಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಮುಂದೇನು ಮಾಡಲಿ?’

ಮೊದಲಿಗಿಂತ. ರಾಗಿಣಿ ಸೋಮವಾರದ ಪತ್ರವನ್ನು ತೆಗೆದು ನಿಧಾನವಾಗಿ ಓದಿದಳು. ಕ್ಷಮಾಪಣೆಯ ಸಾಲಿನ ಮಧ್ಯೆಯೇ ಅದು ಇತ್ತು. ‘ಶನಿವಾರದಿಂದ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೂ ಅಲಕ್ಷ್ಯ ಮಾಡಿ ಈಗ ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಮನ್ನಿಸಬೇಕು.’ ಸದ್ದು ಮಾಡುವ ಡಿಸ್ಕ್ ಎಂದರೆ ಒಳಗಿನ ಯಂತ್ರವೇ ಸೋಲುತ್ತಿದೆ ಎಂದರ್ಥ. ಅಂಥದರ ಮೇಲೆ ಚೆಕ್‌ಡಿಸ್ಕ್ ಓಡಿಸುವುದೆಂದರೆ ಕಾಲು ಮುರಿದವನನ್ನು ಓಡಿಸಿದ ಹಾಗೆ. ಇದು ರಾಗಿಣಿಗೆ ಗೊತ್ತಿಲ್ಲದ ಸಂಗತಿಯಲ್ಲ. ಏಳನೇ ಉತ್ತರ ಬರೆಯುವಾಗ ಹೊಳೆದಿರಲಿಲ್ಲ, ಅಷ್ಟೆ. ಎರಡು ವರ್ಷದಲ್ಲಿ ಯಾರೂ ಕೇಳಿರಲೂ ಇಲ್ಲ.

ಆಮೇಲೆ ಅವಳಿಗೆ ಇನ್ನೊಂದು ನೆನಪಾಯಿತು. ತಿರಸ್ಕೃತ ಬರಹಗಳ ಪಟ್ಟಿ ತೆರೆದಳು. ಅದು ನಿರ್ವಾಹಕರಿಗೆ ಮಾತ್ರ ಕಾಣುತ್ತದೆ. ಸೋಮವಾರ, ಹನ್ನೊಂದು ಇಪ್ಪತ್ತು.

‘ಲೇ ಮಗಾ, ಮೊದ್ಲು ವೈರ್ ಕಿತ್ತಾಕು. ಟಕ್ ಟಕ್ ಅಂತಿದೆ ಅಂದ್ರೆ ಡಿಸ್ಕ್ ಸಾಯ್ತಾ ಇದೆ ಅಂತ. ಚೆಕ್‌ಡಿಸ್ಕ್ ಗಿಕ್‌ಡಿಸ್ಕ್ ಏನೂ ಓಡಿಸ್ಬೇಡ ಕಣೋ, ಇರೋದೂ ಹೋಗತ್ತೆ. ಆಫ್ ಮಾಡಿ ಎತ್ತಿಡು. ನಮ್ ಅಂಗ್ಡಿ ಕುರುಬರಹಳ್ಳಿ ಸರ್ಕಲ್ ಹತ್ರ, ತಗೊಂಬಾ. ಮೊದ್ಲು ಕಾಪಿ ಎತ್ಕೊಳಣ, ಆಮೇಲೆ ನೋಡಣ.’

ಮೊದಲ ಪತ್ರದ ಆ ಒಂದು ಸಾಲನ್ನು ಓದಿದ್ದವನು ಅವನೊಬ್ಬನೇ. ಮತ್ತೊಂದು ಸಲ ಬರೆದು ಎಚ್ಚರಿಸೋಣವೆಂದರೆ ಹನ್ನೊಂದು ಇಪ್ಪತ್ತೆರಡಕ್ಕೆ ಅವನ ಬಾಯಿ ಒಂದು ವಾರಕ್ಕೆ ಮುಚ್ಚಿಹೋಗಿತ್ತು.

ಡಬ್ಬಿ ಮುಚ್ಚಿಟ್ಟು ಮಧ್ವೇಶನಿಗೆ ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡ.

“ಡಿಸ್ಕ್ ಹೆಂಗೂ ಸಾಯ್ತಾ ಇತ್ತು ಕಣೇ. ನೀನೇನು ಸಾಯಿಸ್ಲಿಲ್ಲ. ಹಾರ್ಡ್‌ವೇರ್ ದೋಷ, ತಜ್ಞರಿಗೆ ತೋರಿಸಿ ಅಂತ ಹಾಕು. ಮುಗೀತು.”

“ಏಳನೇ ಉತ್ತರದಲ್ಲಿ ಸದ್ದಿನ ವಿಷ್ಯಾನೇ ಇಲ್ಲ ಕಣೋ.”

“ಸೇರಿಸು. ನಾವು ತಿದ್ದಿದ್ರೆ ತಿದ್ದಿದೆ ಅಂತ ತೋರ್ಸಲ್ವಲ್ಲ. ಯಾರಿಗ್ ಗೊತ್ತಾಗತ್ತೆ?”

“ಆ ಸಂಪತ್‌ಗೆ ಗೊತ್ತಿರತ್ತೆ.”

“ಅವ್ನು ಸಸ್ಪೆಂಡ್ ಆಗಿದಾನೆ ಅಂದ್ಯಲ್ಲ. ನೋಡು, ನಿಮ್ ಉತ್ತರ ಓದಿ ನಮ್ ಡಿಸ್ಕ್ ಹೋಯ್ತು ಅಂತ ಒಂದ್ ಸಲ ಹೆಸ್ರು ಬಂದ್ರೆ, ನಾಳೆಯಿಂದ ಒಬ್ರೂ ನಮ್ಮನ್ನ ನಂಬಲ್ಲ. ಅದಕ್ಕಾದ್ರೂ ಸುಮ್ನಿರು.”

ಇಬ್ಬರೂ ಪಟ್ಟಿಯಲ್ಲಿದ್ದ ಪದಗಳಲ್ಲೇ ಮಾತಾಡಿ ಫೋನ್ ಇಟ್ಟರು.

ರಾಗಿಣಿ ಏಳನೇ ಉತ್ತರವನ್ನು ತಿದ್ದಲು ತೆರೆದಳು. ಮೇಲ್ಗಡೆ ಒಂದು ಸಾಲು ಸೇರಿಸಿದಳು. ‘ಡಿಸ್ಕ್ ಸದ್ದು ಮಾಡುತ್ತಿದ್ದರೆ ಇದನ್ನು ಖಂಡಿತ ಮಾಡಬೇಡಿ.’ ಉಳಿಸಿದಳು. ಪುಟ ಹೊಸದಾಗಿ ತೆರೆದುಕೊಂಡಾಗ ಆ ಸಾಲು ಎರಡು ವರ್ಷದಿಂದ ಅಲ್ಲೇ ಇದ್ದಂತೆ ಕಾಣುತ್ತಿತ್ತು. ಇನ್ನು ಮುಂದೆ ಬರುವವರಿಗಾದರೂ ಅಪಾಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಆಗಿತ್ತು. ಅವಳು ಆ ಹೊತ್ತಿನಲ್ಲಿ ಅದನ್ನು ಸೇರಿಸಿದ್ದು ಮುಂದೆ ಬರುವವರಿಗಾಗಿ ಅಲ್ಲ ಎಂಬುದೂ ಅಷ್ಟೇ ನಿಜ.

ಡಿಸ್ಕಿನ ವಿಷಯ ಹಾಗೇ ಬಿಡುವಂತಿರಲಿಲ್ಲ. ಸಂಪತ್‌ನ ನಿಷೇಧ ತೆಗೆದು ಅವನಿಗೆ ಸಂದೇಶ ಕಳಿಸಿದಳು. ಐದೇ ನಿಮಿಷಕ್ಕೆ ಒಂದು ಫೋನ್ ನಂಬರು, ಅದರ ಜೊತೆಗೆ ‘ತಗೊಂಬನ್ನಿ, ಆರು ಗಂಟೆಗೆ ಇರ್ತೀನಿ’ ಎಂದು ಉತ್ತರ ಬಂತು. ಜಯದೇವಿಯವರಿಗೆ ಡಿಸ್ಕ್ ಆಫ್ ಮಾಡಿ, ಬಟ್ಟೆಯಲ್ಲಿ ಸುತ್ತಿಕೊಂಡು ಕುರುಬರಹಳ್ಳಿಗೆ ಬನ್ನಿ, ನಾನೂ ಬರುತ್ತೇನೆ ಎಂದು ತಿಳಿಸಿದಳು.

ಸಂಪತ್‌ನ ಅಂಗಡಿ ಅವನ ಮನೆಯವರ ಸ್ವಂತ ಕಟ್ಟಡದ ನೆಲಮಹಡಿಯಲ್ಲಿತ್ತು. ಊರು ಬಡಾವಣೆಯಾಗುವ ಮೊದಲು ಅಲ್ಲಿ ಅವರ ದನದ ಕೊಟ್ಟಿಗೆಯಿತ್ತಂತೆ. ಈಗ ಕೆಳಗೆ ಮೂರು ಮಳಿಗೆ, ಮೇಲೆ ಮನೆ. ಗೋಡೆಯ ತುಂಬ ಬಿಚ್ಚಿದ ಲ್ಯಾಪ್‌ಟಾಪಿನ ಹೊಟ್ಟೆಗಳು. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಆಳು ಸ್ಟೂಲಿನ ಮೇಲೆ ಕೂತು ಒಂದು ಮದರ್‌ಬೋರ್ಡನ್ನು ಬ್ರಷ್‌ನಿಂದ ಉಜ್ಜುತ್ತಿದ್ದ.

“ಹೇಳಿ ಮೇಡಂ.”

“ನಾನು ಕೀಲಿಮಣೆಯಿಂದ. ನಿರ್ವಾಹಕ ಎರಡು.”

ಬ್ರಷ್ ನಿಂತಿತು. “ನೀವಾ? ನಾನು ಯಾರೋ ರಿಟೈರ್ ಆಗಿರೋ ಹೆಡ್‌ಮೇಷ್ಟ್ರು ಅಂದ್ಕೊಂಡಿದ್ದೆ. ನೋಟೀಸ್ ಕೊಡೋ ಶೈಲೀನೇ ಹಂಗಿತ್ತು. ‘ನಿಮ್ಮ ಬರಹ ವೇದಿಕೆಯ ಗೌರವಕ್ಕೆ ಹೊಂದುವುದಿಲ್ಲ.’ ಮೂರ್ ಸಲ ಬೆತ್ತದೇಟು ತಿಂದಂಗಾಯ್ತು.”

“ನಿನ್ನೆ ನೀವು ಬರೆದಿದ್ದನ್ನ ನಾನು ಪೂರ್ತಿ ಓದದೇ ತೆಗೆದೆ.”

“ಅದು ಗೊತ್ತಾಯ್ತು ಬಿಡಿ. ಓದಿದ್ರೆ ತೆಗೀತಿರ್ಲಿಲ್ಲ.” ಅವನು ಬ್ರಷ್ ಕೆಳಗಿಟ್ಟ. “ಚೆಕ್‌ಡಿಸ್ಕ್ ಓಡಿಸ್ಬಿಟ್ರಾ?”

“ಆರು ಗಂಟೆ.”

ಸಂಪತ್ ಬಾಯಲ್ಲಿ ಚ್ಚ್ ಎಂದ. ಮೇಲಿನಿಂದ ಒಂದು ಹೆಂಗಸಿನ ದನಿ ಕೇಳಿತು. “ಲೇ ಸಂಪತ್, ಕಾಫಿ ಕುಡೀತೀಯೇನ್ಲಾ?”

“ಮೂರ್ ಲೋಟ ಕಣಮ್ಮೋ, ಗಿರಾಕಿ ಅವ್ರೆ!” ಎಂದು ಕೂಗಿ, ರಾಗಿಣಿಯ ಕಡೆ ತಿರುಗಿ, “ನಮ್ಮಮ್ಮ ನಿಮ್ ವೆಬ್‌ಸೈಟಿಗೆ ಬಂದ್ರೆ ಒಂದೇ ದಿನಕ್ಕೆ ಬ್ಯಾನು,” ಎಂದ.

ಜಯದೇವಿಯವರು ಆಟೋದಲ್ಲಿ ಬಂದರು. ಐವತ್ತೈದರ ತೆಳ್ಳಗಿನ ಹೆಂಗಸು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ರಾಗಿಣಿ ಪರಿಚಯ ಹೇಳಿಕೊಂಡ ತಕ್ಷಣ ಡಿಸ್ಕನ್ನು ಮೇಜಿನ ಮೇಲಿಟ್ಟು ಕೈಮುಗಿದರು.

“ನೀವು ಇಷ್ಟು ಚಿಕ್ಕೋರು ಅಂತ ಗೊತ್ತೇ ಇರ್ಲಿಲ್ಲ. ಆಫೀಸ್ ಮುಗಿಸ್ಕೊಂಡು ನನಗೋಸ್ಕರ ಇಲ್ಲಿವರೆಗೂ ಬಂದಿದೀರ.”

“ಕೂತ್ಕೊಳಿ ಆಂಟಿ,” ಎಂದ ಸಂಪತ್. ಡಿಸ್ಕಿನ ಹೊರಕವಚ ಬಿಚ್ಚಿ, ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಪಕ್ಕಕ್ಕೆ ಒಂದು ಟೇಬಲ್ ಫ್ಯಾನ್ ತಿರುಗಿಸಿಟ್ಟ. ತಣ್ಣಗಿದ್ದರೆ ಸ್ವಲ್ಪ ಹೊತ್ತು ಹೆಚ್ಚಿಗೆ ಬದುಕುತ್ತದೆ ಎಂದು ವಿವರಿಸಿದ. ಸುಲಭವಾಗಿ ಓದಲು ಸಿಗುವ ಜಾಗವನ್ನೆಲ್ಲ ಮೊದಲು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವುದು, ಹಟ ಮಾಡುವ ಜಾಗವನ್ನು ಕೊನೆಗೆ ಬಿಡುವುದು. ನಾಳೆ ಸಂಜೆಯವರೆಗೆ ಹಿಡಿಯುತ್ತದೆ. ಆಮೇಲೆ ನಕಲಿನಲ್ಲಿ ಹುಡುಕಾಟ.

“ಎಲ್ಲಾ ಸಿಗತ್ತಾ?” ಜಯದೇವಿಯವರು ಕೇಳಿದರು.

“ಎಲ್ಲಾ ಸಿಗಲ್ಲ ಆಂಟಿ. ಸುಳ್ಳು ಯಾಕೆ ಹೇಳ್ಲಿ. ಚೆಕ್‌ಡಿಸ್ಕ್ ಓಡಿಸ್ದೆ ತಂದಿದ್ರೆ ಹೆಚ್ಚುಕಮ್ಮಿ ಎಲ್ಲಾ ಸಿಗೋದು.”

ಜಯದೇವಿಯವರು ತಲೆಯಾಡಿಸಿದರು. “ತಪ್ಪು ನನ್ನದೇ. ಇವತ್ತು ಮಧ್ಯಾಹ್ನ ಮತ್ತೆ ಆ ಏಳನೇ ಉತ್ತರ ತೆಗೆದು ಓದ್ದೆ. ಮೇಲ್ಗಡೇನೇ ಬರೆದಿದೀರ, ಸದ್ದಿದ್ರೆ ಮಾಡ್ಬೇಡಿ ಅಂತ. ಖಂಡಿತ ಅಂತ ಬೇರೆ ಬರೆದಿದೀರ. ನನ್ನ ಕಣ್ಣಿಗೆ ಬೀಳ್ಲೇ ಇಲ್ಲ.” ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು. “ಹದಿನಾಲ್ಕು ವರ್ಷದಲ್ಲಿ ಒಂದು ಕಾರ್ಡಿನಲ್ಲೂ ತಪ್ಪು ಬಿಟ್ಟಿಲ್ಲ ನಾನು. ಮುಹೂರ್ತದ ಟೈಮು, ಅಪ್ಪನ ಹೆಸ್ರು, ಒಂದೂ ಬಿಟ್ಟಿಲ್ಲ. ಕಣ್ಣ ಮುಂದಿರೋ ಇಡೀ ಸಾಲು ಬಿಟ್ಟಿದೀನಿ ಅಂದ್ರೆ ಇನ್ನು ಈ ಕೆಲಸ ಮಾಡ್ಬಾರ್ದು. ಸಂಚಿಕೆ ಒಂದು ಹೆಂಗಾದ್ರೂ ಮುಗಿಸಿ ಅಂಗಡಿ ಮುಚ್ಚೋದು ಅಂತ ಬರ್ತಾ ಆಟೋದಲ್ಲಿ ಯೋಚ್ನೆ ಮಾಡ್ಕೊಂಡೇ ಬಂದೆ.”

ಸಂಪತ್ ರಾಗಿಣಿಯನ್ನು ನೋಡಿದ. ಅವನೂ ಸೋಮವಾರ ಏಳನೇ ಉತ್ತರ ಓದಿದ್ದವನು. ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಫ್ಯಾನನ್ನು ಒಂದಿಷ್ಟು ಆ ಕಡೆಗೆ ತಿರುಗಿಸಿ, ಮತ್ತೆ ಈ ಕಡೆಗೆ ತಿರುಗಿಸಿದ. ಡಿಸ್ಕು ಟಕ್ ಎಂದಿತು.

ಸುಮ್ಮನಿದ್ದರೆ ಎಲ್ಲ ಸುಮ್ಮನಾಗುತ್ತಿತ್ತು. ಆ ಹೆಂಗಸು ಕೃತಜ್ಞತೆ ಹೇಳುತ್ತಲೇ ಮನೆಗೆ ಹೋಗುತ್ತಿದ್ದರು, ಕಣ್ಣು ಪರೀಕ್ಷೆ ಮಾಡಿಸುತ್ತಿದ್ದರು, ಅಂಗಡಿ ಮುಚ್ಚುತ್ತಿದ್ದರು.

“ಆ ಸಾಲು ನಿನ್ನೆ ಅಲ್ಲಿರ್ಲಿಲ್ಲ,” ಎಂದಳು ರಾಗಿಣಿ.

“ಅಂದ್ರೆ?”

“ನಾನು ಇವತ್ತು ಮಧ್ಯಾಹ್ನ ಸೇರಿಸಿದ್ದು. ನಿಮ್ಮ ಎರಡನೇ ಪತ್ರ ನೋಡಿದ ಮೇಲೆ. ಯಾರಿಗೂ ಗೊತ್ತಾಗದ ಹಾಗೆ ಸೇರಿಸ್ದೆ.”

ಜಯದೇವಿಯವರು ಕನ್ನಡಕ ಹಾಕಿಕೊಂಡರು. ಚೀಲಕ್ಕೆ ಕೈ ಹಾಕಿ, ನಾಲ್ಕಾಗಿ ಮಡಿಸಿದ ಎರಡು ಹಾಳೆ ತೆಗೆದರು. ಸೋಮವಾರ ಏಳನೇ ಉತ್ತರವನ್ನು ಅವರು ಪ್ರಿಂಟ್ ತೆಗೆದುಕೊಂಡಿದ್ದರು. ಪರದೆಯ ಮೇಲಿನ ಅಕ್ಷರಕ್ಕಿಂತ ಕಾಗದದ ಅಕ್ಷರವನ್ನು ನಂಬುವ ಜನ. ಹಾಳೆಯನ್ನು ಮೇಜಿನ ಮೇಲೆ ಹರವಿ, ಪಕ್ಕದಲ್ಲಿ ಫೋನಿಟ್ಟು, ಅದರಲ್ಲಿ ಏಳನೇ ಉತ್ತರ ತೆರೆದರು. ಎಡಗೈ ಬೆರಳು ಹಾಳೆಯ ಮೇಲೆ, ಬಲಗೈ ಬೆರಳು ಫೋನಿನ ಮೇಲೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪ್ರೂಫ್ ನೋಡಿದ ಹಾಗೆ ನೋಡಿದರು. ಅಷ್ಟು ಹೊತ್ತೂ ಉಳಿದಿಬ್ಬರು ಕಾದರು. ಸಂಪತ್‌ನ ತಾಯಿ ಬಂದು ಮೂರು ಲೋಟ ಕಾಫಿ ಇಟ್ಟು, ಹಾಗೇ ಮೇಲೆ ಹೋದರು.

“ಹೌದು. ಇದರಲ್ಲಿಲ್ಲ,” ಎಂದರು ಜಯದೇವಿಯವರು ಕೊನೆಗೆ. “ನನ್ನ ಕಣ್ಣು ಸರಿ ಇದೆ.”

“ಸರಿ ಇದೆ.”

“ಇನ್ನೇನಾದ್ರೂ ಇದೆಯಾ ಹೇಳೋದು?”

ರಾಗಿಣಿ ಉಳಿದದ್ದನ್ನೂ ಹೇಳಿದಳು. ಫೋನಿನಲ್ಲಿ ಸಂಪತ್‌ನ ಬರಹ ತೆಗೆದು ಅವರ ಕೈಗೆ ಕೊಟ್ಟಳು. ಅವರು ಅದನ್ನು ಎರಡು ಸಲ ಓದಿದರು.

“ಸೋಮವಾರ ಹನ್ನೊಂದು ಇಪ್ಪತ್ತು. ನಾನು ಓಡಿಸಿದ್ದು ಹನ್ನೆರಡಕ್ಕೆ. ನನಗ್ಯಾಕೆ ಕಾಣ್ಲಿಲ್ಲ ಇದು?”

“ನಾನು ತೆಗೆದಿದ್ದೆ.”

“ಯಾಕೆ?”

“ಲೇ ಮಗಾ ಅಂತ ಬರೆದಿದ್ರು.”

“ನನಗೆ ಅಂದಿದ್ದು ತಾನೆ? ನನಗೆ ಅಂದ್ರೆ ನಿಮಗೇನ್ರೀ ಆಗ್ಬೇಕಿತ್ತು?”

ರಾಗಿಣಿಗೆ ಉತ್ತರವಿತ್ತು. ಒಲೆಯ ಮಾತು, ಹನ್ನೊಂದು ನಗುವಿನ ಚಿಹ್ನೆ, ನೂರಕ್ಕೆ ನಾಲ್ಕು ಮತ್ತು ಮೂವತ್ತು, ಎಲ್ಲವನ್ನೂ ಹೇಳಬಹುದಿತ್ತು. ಹೇಳಲಿಲ್ಲ.

ಸಂಪತ್ ಕಾಫಿ ಲೋಟವನ್ನು ಅವರ ಕಡೆ ಸರಿಸಿದ. “ಎದುರಿಗಿದ್ದಿದ್ರೆ ಹಂಗೆ ಅಂತಿರ್ಲಿಲ್ಲ ಆಂಟಿ. ನಾನು ಹೆಸ್ರೂ ನೋಡಲ್ಲ, ನಮಸ್ಕಾರಾನೂ ಓದಲ್ಲ. ಎಲ್ಲಿ ತೊಂದ್ರೆ ಅಂತ ನೋಡಿ ಬರೆದ್ಬಿಡ್ತೀನಿ. ನಮ್ ಕಡೆ ಎಲ್ಲಾರೂ ಮಗಾನೇ.”

“ನನ್ನ ಪತ್ರದಲ್ಲಿ ನಮಸ್ಕಾರ ಜಾಸ್ತಿ ಆಯ್ತೇನೋ,” ಎಂದರು ಜಯದೇವಿಯವರು. ಅದು ಸಂಪತ್‌ಗೆ ಹೇಳಿದ್ದು. ರಾಗಿಣಿಯ ಕಡೆ ನೋಡಲಿಲ್ಲ.

ಆ ಸಂಜೆ ಬಸವೇಶ್ವರನಗರದ ಮನೆಗೆ ಬಂದ ರಾಗಿಣಿ ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ತೆರೆದಳು. ಏಳನೇ ಉತ್ತರದಿಂದ ಹೊಸ ಸಾಲನ್ನು ತೆಗೆದು, ಅದರ ಜಾಗದಲ್ಲಿ ಬರೆದಳು. ‘ಈ ಉತ್ತರದಲ್ಲಿ ಎರಡು ವರ್ಷದಿಂದ ಒಂದು ತಪ್ಪಿದೆ. ಡಿಸ್ಕ್ ಸದ್ದು ಮಾಡುತ್ತಿದ್ದರೆ ಚೆಕ್‌ಡಿಸ್ಕ್ ಓಡಿಸಬಾರದು. ಇದನ್ನು ನಂಬಿ ಒಬ್ಬ ಸದಸ್ಯರು ಸೋಮವಾರ ತಮ್ಮ ಫೈಲುಗಳನ್ನು ಕಳೆದುಕೊಂಡರು. ಸರಿಯಾದ ಉತ್ತರವನ್ನು ಅಂದೇ ಇನ್ನೊಬ್ಬ ಸದಸ್ಯರು ಬರೆದಿದ್ದರು. ನಾನು ಅದನ್ನು ಓದದೆ ತಿರಸ್ಕರಿಸಿದೆ. ಮಂಗಳವಾರ ಯಾರಿಗೂ ತಿಳಿಯದಂತೆ ಈ ಪುಟವನ್ನು ತಿದ್ದಿದ್ದೆ. ಅದನ್ನೂ ಇಲ್ಲಿ ಹೇಳುತ್ತಿದ್ದೇನೆ.’ ಕೆಳಗೆ ನಿರ್ವಾಹಕ ೨ ಎಂದು ಬರೆದು, ಅಳಿಸಿ, ರಾಗಿಣಿ ಎಂದು ಬರೆದಳು. ಆಮೇಲೆ ಸಂಪತ್‌ನ ಬರಹವನ್ನು ಒಂದಕ್ಷರ ತಿದ್ದದೆ ಅದರ ಜಾಗದಲ್ಲಿ, ಅದರ ಸಮಯದಲ್ಲೇ ಮರಳಿ ಹಾಕಿದಳು.

ಮಧ್ವೇಶ್ ಫೋನ್ ಮಾಡಿ, “ನಿನಗೆ ತಲೆ ಕೆಟ್ಟಿದೆ ಕಣೇ,” ಎಂದು ಇಟ್ಟುಬಿಟ್ಟ. ಬೆಳಗಾಗುವುದರೊಳಗೆ ಆ ಪುಟಕ್ಕೆ ಎಪ್ಪತ್ತು ಪ್ರತಿಕ್ರಿಯೆ ಬಂದಿದ್ದವು. ಕೆಲವರು ಮೆಚ್ಚಿದ್ದರು. ಇಬ್ಬರು ತಮ್ಮ ಡಿಸ್ಕ್ ಹೋದ ವರ್ಷ ಹೋಗಿದ್ದಕ್ಕೂ ಇದೇ ಕಾರಣವೇ ಎಂದು ಕೇಳಿದ್ದರು. ಒಬ್ಬನಿಗೆ ಬಹುಶಃ ಅದೇ ಕಾರಣವಾಗಿತ್ತು. ಹೌದು ಎಂದು ಉತ್ತರ ಬರೆದಳು. ಪದಗಳ ಪಟ್ಟಿಯನ್ನು ಇನ್ನಾದರೂ ತೆಗೆಯಿರಿ ಎಂದು ನಾಲ್ಕು ಜನ ಬರೆದಿದ್ದರು. ಹೊಸ ಹೆಸರು ನೋಡಿ ‘ಏನೇ ರಾಗಿಣಿ’ ಎಂದು ಶುರುಮಾಡಿದ ಒಂದು ಬರಹ ತಡೆಯಲ್ಲಿ ನಿಂತಿತ್ತು. ಅದನ್ನು ಕೊನೆಯವರೆಗೆ ಓದಿದಳು. ಅದರಲ್ಲಿ ಉತ್ತರವೇನೂ ಇರಲಿಲ್ಲ. ತಿರಸ್ಕರಿಸಿದಳು. ಪಟ್ಟಿಯನ್ನು ಹಾಗೇ ಬಿಟ್ಟು, ತಿರಸ್ಕರಿಸುವ ಗುಂಡಿ ಫೋನಿನಲ್ಲಿ ಕಾಣದ ಹಾಗೆ ಮಾಡಿದಳು. ಇನ್ನು ಆ ಕೆಲಸವನ್ನು ಮೇಜಿನ ಮುಂದೆ ಕೂತೇ ಮಾಡಬೇಕು.

ಬುಧವಾರ ಸಂಜೆ ಕುರುಬರಹಳ್ಳಿಗೆ ಹೋದಾಗ ಡಿಸ್ಕು ಸತ್ತಿತ್ತು. ಸಾಯುವುದರೊಳಗೆ ಮುಕ್ಕಾಲು ಭಾಗದಷ್ಟು ನಕಲು ಬಂದಿತ್ತು. ಹೆಸರಿಲ್ಲದ ಫೈಲುಗಳನ್ನು ಒಂದೊಂದಾಗಿ ತೆರೆದು, ಇದು ಯಾವ ಲೇಖನ, ಇದು ಯಾರ ಮದುವೆ ಎಂದು ಜಯದೇವಿಯವರು ಸಂಪತ್‌ನ ಪಕ್ಕ ಕೂತು ಹೇಳುತ್ತಿದ್ದರು. ಮಧ್ಯಾಹ್ನವೇ ಬಂದಿದ್ದರಂತೆ. ಅವರಿಬ್ಬರ ನಡುವೆ ಒಂದು ತಟ್ಟೆ ಕೋಡುಬಳೆ ಇತ್ತು.

“ಇದು ನೋಡಿ ಆಂಟಿ, ಯಾರೋ ಸುಧೀಂದ್ರ ಅಂತೆ, ಎರಡು ಕಾರ್ಡಿದೆ. ಎರಡರಲ್ಲೂ ಹುಡುಗಿ ಬೇರೆ ಬೇರೆ.”

“ಮೊದಲನೇದು ಮುರಿದುಬಿತ್ತು ಕಣಪ್ಪ. ಅದೇ ಡಿಸೈನಲ್ಲಿ ಹೆಸ್ರು ಬದಲಾಯಿಸಿ ಕೊಡಿ ಅಂದ್ರು.”

ಕಾರ್ಡುಗಳಲ್ಲಿ ಅರ್ಧ ಸಿಕ್ಕಿದ್ದವು. ಸಂಚಿಕೆಯ ನೂರ ಎಂಬತ್ತು ಪುಟಗಳಲ್ಲಿ ನೂರ ನಲವತ್ತೊಂಬತ್ತು. ಉಳಿದ ಮೂವತ್ತೊಂದು ಪುಟಕ್ಕೆ ಕಾಗದದ ಮೇಲೆ ಮೊದಲ ಪ್ರೂಫ್ ಮಾತ್ರ ಇತ್ತು, ಸಂಪಾದಕ ಜಗನ್ನಾಥ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಗೀಚಿದ್ದು. ಮತ್ತೆ ಟೈಪ್ ಮಾಡಬೇಕು. ಇದ್ದದ್ದು ಒಂದು ದಿನ.

ಜಯದೇವಿಯವರು ಅಂದು ಮೊದಲ ಸಲ ರಾಗಿಣಿಯನ್ನು ನೇರವಾಗಿ ನೋಡಿದರು. “ಕನ್ನಡ ಟೈಪಿಂಗ್ ಬರತ್ತಾ?”

“ಬರತ್ತೆ.”

“ನಾಳೆ ಒಂಬತ್ತೂವರೆಗೆ ಅಂಗಡಿಗೆ ಬನ್ನಿ.”

ಗುರುವಾರ ರಾಗಿಣಿ ರಜೆ ಹಾಕಿ ವಿಜಯನಗರಕ್ಕೆ ಹೋದಳು. ಅಂಗಡಿಯಲ್ಲಿ ಎರಡು ಕಂಪ್ಯೂಟರು, ಗೋಡೆಗೆ ಮಾದರಿ ಕಾರ್ಡುಗಳು. ಅವಳ ಪಾಲಿಗೆ ಹದಿನಾಲ್ಕು ಪುಟ ಬಂತು: ಹಳೆಯ ವಿದ್ಯಾರ್ಥಿಗಳ ನೆನಪು, ದಾನಿಗಳ ಪಟ್ಟಿ, ಕ್ರೀಡಾ ವರದಿ. ಜಯದೇವಿಯವರ ಬೆರಳುಗಳು ಪಕ್ಕದಲ್ಲಿ ಮಳೆ ಹೊಯ್ದ ಹಾಗೆ ಓಡುತ್ತಿದ್ದವು. ಅವರಾಗಿ ಮಾತಾಡಿದ್ದು ಮೂರೇ ಸಲ. ಊಟಕ್ಕೆ ಏಳಿ ಎಂದು ಒಂದು ಸಲ. ಕೆಂಪು ಗೆರೆ ಎಳೆದ ಸಾಲನ್ನು ಟೈಪ್ ಮಾಡಬೇಡಿ, ಅದನ್ನು ಹೊಡೆದುಹಾಕಿದ್ದಾರೆ ಎಂದು ಒಂದು ಸಲ. ಸಂಜೆ ಆರಕ್ಕೆ, ಅವಳು ಎದ್ದು ನಿಂತಾಗ, ಪ್ರತಿ ಎಲ್ಲೆಲ್ಲಿ ಇಡಬೇಕು ಎಂದು ಕೇಳಿದ್ದು ಮೂರನೆಯದು. ಎರಡು ಕಡೆ ಇಡಿ, ಒಂದನ್ನು ಈ ಅಂಗಡಿಯಿಂದ ಹೊರಗೆ ಇಡಿ ಎಂದಳು ರಾಗಿಣಿ. ಅವರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು.

“ಅಂಗಡಿ ಮುಚ್ತೀರಾ?” ರಾಗಿಣಿ ಕೇಳಿದಳು.

“ಯಾಕೆ ಮುಚ್ಲಿ?” ಎಂದರು ಅವರು, ತಲೆಯೆತ್ತದೆ.

ಶುಕ್ರವಾರ ಮಧ್ಯಾಹ್ನ ರಾಗಿಣಿ ಊಟದ ಡಬ್ಬಿ ಮುಗಿಸಿ ಕೈ ತೊಳೆದು ಬಂದಾಗ ಕೀಲಿಮಣೆಯಲ್ಲಿ ಜಯದೇವಿಯವರ ಬರಹ ಬಂದಿತ್ತು. ಅನಂತ ನಮಸ್ಕಾರವಿರಲಿಲ್ಲ, ಆರೋಗ್ಯವನ್ನೂ ವಿಚಾರಿಸಿರಲಿಲ್ಲ. ‘ಪ್ರೆಸ್ಸಿಗೆ ಹೋಯಿತು. ನೀವು ಟೈಪ್ ಮಾಡಿದ್ದರಲ್ಲಿ ಎರಡು ತಪ್ಪಿತ್ತು. ತಿದ್ದಿದೆ.’ ಅಷ್ಟೆ.

ಕೀಲಿಮಣೆಯಲ್ಲಿ ಪ್ರಶ್ನೆ ಕೇಳಿದವರು, ಬಂದ ಉತ್ತರಗಳಲ್ಲಿ ಯಾವುದು ಸರಿ ಎನಿಸಿತೋ ಅದರ ಪಕ್ಕ ಹಸಿರು ಗುರುತು ಒತ್ತಿ ಪ್ರಶ್ನೆ ಮುಗಿಸುವುದು ಪದ್ಧತಿ. ಜಯದೇವಿಯವರು ಅದನ್ನೂ ಮಾಡಿ ಹೋಗಿದ್ದರು. ರಾಗಿಣಿ ಪುಟವನ್ನು ಮೇಲಕ್ಕೆ ತಳ್ಳಿ ನೋಡಿದಳು. ಗುರುತು ಅವಳ ಉತ್ತರದ ಪಕ್ಕ ಇರಲಿಲ್ಲ. ಅದರ ಕೆಳಗೆ, ಸೋಮವಾರ ಹನ್ನೊಂದು ಇಪ್ಪತ್ತು ಎಂದಿದ್ದ ಕಡೆ, ‘ಲೇ ಮಗಾ’ದ ಪಕ್ಕದಲ್ಲಿತ್ತು.